ಎಡವೋ ಬಲವೋ: ವಿಮಾನದಲ್ಲಿ ನೋಟ ಸಿಗುವ ಕಿಟಕಿ ಸೀಟು ಆರಿಸುವುದು ಹೇಗೆ

ಕಿಟಕಿ ಸೀಟಿಗೆಂದು ಹೆಚ್ಚಿನ ದುಡ್ಡು ಕೊಟ್ಟು, ಟೇಕಾಫ್‌ನಿಂದ ಲ್ಯಾಂಡಿಂಗ್‌ವರೆಗೆ ರೆಕ್ಕೆಯ ತಗಡನ್ನೇ ನೋಡುತ್ತ ಕೂರುವವರು ಪ್ರತಿ ವಿಮಾನದಲ್ಲೂ ಇರುತ್ತಾರೆ. ಹಿಮಾಲಯ ಎಡಗಡೆ ಸಾಲಾಗಿ ನಿಂತಿರುವಾಗ ಬಲಗಡೆ ಕೂತು ಬಿಹಾರದ ಮಬ್ಬು ನೋಡಿದವರೂ ಇದ್ದಾರೆ. ಸೀಟು ಆರಿಸುವ ಮೊದಲು ನಾಲ್ಕು ವಿಷಯ ಗೊತ್ತಿರಬೇಕು: ವಿಮಾನ ಯಾವ ದಿಕ್ಕಿಗೆ ಹೋಗುತ್ತದೆ, ನೋಡಬೇಕಾದದ್ದು ಆ ದಾರಿಯ ಯಾವ ಮಗ್ಗುಲಿಗಿದೆ, ಆ ಹೊತ್ತಿಗೆ ಸೂರ್ಯ ಎಲ್ಲಿರುತ್ತಾನೆ, ಯಾವ ಸಾಲಿಗೆ ರೆಕ್ಕೆ ಅಡ್ಡ ಬರುತ್ತದೆ. ಬಹಳ ಜನ ಕೊನೆಯದನ್ನು ಮಾತ್ರ ಯೋಚಿಸುತ್ತಾರೆ. ಸಾಲು ತಪ್ಪಿದರೆ ಅರ್ಧ ನೋಟ ಹೋಗುತ್ತದೆ, ಮಗ್ಗುಲು ತಪ್ಪಿದರೆ ಪೂರ್ತಿ ಹೋಗುತ್ತದೆ.

ಮೊದಲು ಮಗ್ಗುಲು

ವಿಮಾನದ ಮೂತಿಯ ಕಡೆ ಮುಖ ಮಾಡಿ ಕೂತಾಗ ಎಡಗಡೆಯ ಕಿಟಕಿ ಸೀಟು ಯಾವಾಗಲೂ ಎ. ಮೂರು-ಮೂರು ಸೀಟಿನ ಏರ್‌ಬಸ್ 320, ಬೋಯಿಂಗ್ 737ಗಳಲ್ಲಿ ಬಲಗಡೆಯದು ಎಫ್. ಎರಡು-ಎರಡು ಸೀಟಿನ ಸಣ್ಣ ಪ್ರೊಪೆಲ್ಲರ್ ವಿಮಾನ ಎಟಿಆರ್‌ನಲ್ಲೂ ಸಾಮಾನ್ಯವಾಗಿ ಎ ಮತ್ತು ಎಫ್‌ಗಳೇ ಕಿಟಕಿ ಸೀಟು. 787, 777ನಂಥ ದೊಡ್ಡ ವಿಮಾನಗಳಲ್ಲಿ ಬಲಗಡೆಯ ಕೊನೆಯ ಅಕ್ಷರ ಹೆಚ್ಚಾಗಿ ಕೆ.

ಮೊಬೈಲ್‌ನಲ್ಲಿ ನಕ್ಷೆ ತೆರೆದು, ಹೊರಡುವ ಊರಿನಿಂದ ತಲುಪುವ ಊರಿಗೆ ಗೆರೆ ಎಳೆದಂತೆ ನೋಡಿ. ಆಮೇಲೆ ತಲುಪುವ ಊರು ಮೇಲೆ ಬರುವ ಹಾಗೆ ನಕ್ಷೆಯನ್ನೇ ತಿರುಗಿಸಿ. ಈಗ ಗೆರೆಯ ಎಡಕ್ಕೆ ಇರುವುದೆಲ್ಲ ಎ, ಬಲಕ್ಕೆ ಇರುವುದೆಲ್ಲ ಎಫ್. ನಕ್ಷೆ ತಿರುಗಿಸದೆ ಮನಸ್ಸಿನಲ್ಲೇ ಲೆಕ್ಕ ಹಾಕಿದವರು ದಕ್ಷಿಣಕ್ಕೆ ಹೋಗುವಾಗ ತಪ್ಪುತ್ತಾರೆ, ಆಗ ಪಶ್ಚಿಮ ಬಲಗಡೆ ಬರುತ್ತದೆ. ವಾಪಸು ಬರುವಾಗ ಮಗ್ಗುಲು ಅದಲುಬದಲಾಗುತ್ತದೆ ಎಂಬುದು ಹೇಳಬೇಕಾದ ಮಾತಲ್ಲ, ಆದರೂ ಹೋಗಿ ಬರುವ ಎರಡು ಟಿಕೆಟ್‌ಗೂ ಒಂದೇ ಅಕ್ಷರ ಒತ್ತುವವರು ಬಹಳ.

ವಿಮಾನ ಸೀದಾ ಗೆರೆಯಲ್ಲೇ ಹಾರುವುದಿಲ್ಲ. ಅದು ನಿಜವಾಗಿ ಹಾರುವ ದಾರಿ ಬೇಕಿದ್ದರೆ ಫ್ಲೈಟ್‌ರಾಡಾರ್24 ಅಥವಾ ಫ್ಲೈಟ್‌ಅವೇರ್‌ನಲ್ಲಿ ನಿಮ್ಮ ವಿಮಾನದ ಸಂಖ್ಯೆ ಹಾಕಿ, ಹಿಂದಿನ ನಾಲ್ಕೈದು ದಿನದ ಹಾರಾಟ ನೋಡಿ. ದಿನವೂ ಒಂದೇ ಕಡೆಯಿಂದ ಹೋಗಿದ್ದರೆ ನಂಬಬಹುದು. ಒಂದು ದಿನ ಆ ಕಡೆ, ಒಂದು ದಿನ ಈ ಕಡೆ ಎಂದು ಚದುರಿದ್ದರೆ, ದಾರಿಗೆ ತೀರಾ ಹತ್ತಿರದ ಜಾಗವನ್ನು ನೆಚ್ಚಿಕೊಂಡು ಸೀಟು ಆರಿಸಬೇಡಿ.

ಹತ್ತಿರ ಎಂದರೂ ತೊಂದರೆಯೇ. ದಾರಿಯ ನೇರ ಕೆಳಗಿನದು ಯಾವ ಕಿಟಕಿಗೂ ಕಾಣುವುದಿಲ್ಲ, ಅದು ವಿಮಾನದ ಹೊಟ್ಟೆಯಡಿ ಹೋಗಿಬಿಡುತ್ತದೆ. 11 ಕಿ.ಮೀ. ಎತ್ತರದಲ್ಲಿ ಹಾರುವಾಗ, ಆರಾಮವಾಗಿ ಕೂತು 30 ಡಿಗ್ರಿ ಕೆಳಗೆ ನೋಡಿದರೆ ಕಣ್ಣು ಬೀಳುವುದು ಸುಮಾರು 19 ಕಿ.ಮೀ. ಆಚೆಗಿನ ನೆಲದ ಮೇಲೆ. 10 ಡಿಗ್ರಿ ಕೆಳಗೆ ನೋಡಿದರೆ ಸುಮಾರು 62 ಕಿ.ಮೀ. ಅಂದರೆ ದೊಡ್ಡ ಜೆಟ್‌ನಿಂದ ಚೆನ್ನಾಗಿ ಕಾಣುವುದು ದಾರಿಯಿಂದ 15-20 ಕಿ.ಮೀ. ದೂರದಿಂದ ಶುರುವಾಗಿ 60 ಕಿ.ಮೀ.ವರೆಗಿನ ಪಟ್ಟಿ. ಐದೂವರೆ ಕಿ.ಮೀ. ಎತ್ತರದಲ್ಲಿ ಹಾರುವ ಎಟಿಆರ್‌ಗೆ ಇದು ಅರ್ಧ: 10ರಿಂದ 30 ಕಿ.ಮೀ. ದಿಗಂತ 350 ಕಿ.ಮೀ. ಆಚೆ ಇದ್ದರೂ ಅಷ್ಟು ದೂರದ್ದು ಕಾಣುವುದು ಹಿಮದ ಶಿಖರವಾಗಿದ್ದರೆ ಮಾತ್ರ. ಕೆರೆ, ಕೋಟೆ, ಊರು ಎಲ್ಲ ಮಬ್ಬಿನಲ್ಲಿ ಕರಗಿರುತ್ತವೆ.

ಸೂರ್ಯ ಬೆನ್ನಿಗಿರಲಿ

ವಿಮಾನದ ಕಿಟಕಿ ಗಾಜಿನದಲ್ಲ, ಅಕ್ರಿಲಿಕ್ ಪ್ಲಾಸ್ಟಿಕ್. ವರ್ಷಗಟ್ಟಲೆ ತಲೆ ಒರಗಿಸಿ, ಒರೆಸಿ ಸಣ್ಣ ಗೀರುಗಳು ತುಂಬಿರುತ್ತವೆ. ಬಿಸಿಲು ನೇರ ಬಿದ್ದಾಗ ಆ ಗೀರುಗಳೆಲ್ಲ ಹೊಳೆದು ಹೊರಗಿನ ನೋಟ ಬೆಳ್ಳಗೆ ಮಸುಕಾಗುತ್ತದೆ. ಗಾಳಿಯಲ್ಲಿರುವ ದೂಳು, ತೇವಾಂಶ ಕೂಡ ಸೂರ್ಯನ ಕಡೆ ನೋಡಿದಾಗಲೇ ಹೆಚ್ಚು ಕಾಣುವುದು. ಆದ್ದರಿಂದ ಎರಡೂ ಮಗ್ಗುಲಲ್ಲಿ ನೋಡುವುದಿದ್ದರೆ ನೆರಳಿನ ಮಗ್ಗುಲು ಆರಿಸಿ.

ಬೆಳಿಗ್ಗೆ ಉತ್ತರಕ್ಕೆ ಹೋಗುವ ವಿಮಾನದಲ್ಲಿ ನೆರಳು ಎಡಕ್ಕೆ (ಎ), ಸಂಜೆಯಾದರೆ ಬಲಕ್ಕೆ (ಎಫ್). ದಕ್ಷಿಣಕ್ಕೆ ಹೋಗುವಾಗ ಇದರ ತಿರುವುಮುರುವು. ಪೂರ್ವ-ಪಶ್ಚಿಮ ಹಾರಾಟಕ್ಕೆ, ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಉತ್ತರದ ಕಿಟಕಿ ಒಳ್ಳೆಯದು. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಬೆಂಗಳೂರು, ಮಂಗಳೂರಿನಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೇ ಇರುತ್ತಾನೆ, ಆಗ ಈ ಲೆಕ್ಕ ನಡೆಯುವುದಿಲ್ಲ. ಆದರೆ ಆ ಹೊತ್ತಿಗೆ ಸೂರ್ಯ ಅಷ್ಟು ಮೇಲಿರುವುದರಿಂದ ಯಾವ ಕಿಟಕಿಗೂ ನೇರ ಬಡಿಯುವುದಿಲ್ಲ.

ಬಿಸಿಲಿನ ಮಗ್ಗುಲಿಗೂ ಅದರದೇ ಸೊಗಸಿದೆ. ಇಳಿಬಿಸಿಲಿನಲ್ಲಿ ಕೆರೆ, ನದಿ, ಹಿನ್ನೀರು ಒಂದಾದ ಮೇಲೊಂದು ಹೊಳೆದು ಆರುತ್ತವೆ, ಘಟ್ಟದ ಸಾಲುಗಳು ಕಪ್ಪು-ನೀಲಿ ಪದರಗಳಾಗಿ ಕಾಣುತ್ತವೆ. ಸೂರ್ಯಾಸ್ತವೇ ಬೇಕಿದ್ದವರು ಪಶ್ಚಿಮದ ಕಿಟಕಿ ಹಿಡಿಯಲಿ. ನೆರಳಿನ ಮಗ್ಗುಲಿನವರಿಗೆ ಬೇರೊಂದು ಲಾಭವಿದೆ: ಕೆಳಗೆ ಮೋಡದ ಹಾಸು ಇದ್ದರೆ ಅದರ ಮೇಲೆ ವಿಮಾನದ ನೆರಳು ಓಡುತ್ತದೆ, ಆ ನೆರಳಿನ ಸುತ್ತ ಕಾಮನಬಿಲ್ಲಿನ ಬಣ್ಣದ ಉಂಗುರ ಇರುತ್ತದೆ. ಸೂರ್ಯನಿಗೆ ನೇರ ಎದುರು ದಿಕ್ಕಿನಲ್ಲಿ, ಕೆಳಗೆ ಹುಡುಕಿ. ಮಳೆಗಾಲದಲ್ಲಿ ನೆಲ ಕಾಣದಿದ್ದಾಗ ನೋಡಲು ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ.

ಋತುವಿನ ಮಾತು ಚಿಕ್ಕದು. ಅಕ್ಟೋಬರ್-ನವೆಂಬರ್ ಬಹುತೇಕ ಎಲ್ಲ ಕಡೆಗೂ ಒಳ್ಳೆಯದು. ಮಳೆ ಗಾಳಿಯನ್ನು ತೊಳೆದಿರುತ್ತದೆ, ನೆಲ ಇನ್ನೂ ಹಸಿರಾಗಿರುತ್ತದೆ. ಬೇಸಿಗೆಯಲ್ಲಿ ಬಯಲುಸೀಮೆಯ ಮೇಲೆ ದೂಳಿನ ಪದರ ನಿಲ್ಲುತ್ತದೆ. ಗಂಗಾ ಬಯಲಿನಲ್ಲಿ ಚಳಿಗಾಲವಿಡೀ ಹೊಗೆಮಂಜು, ಆದರೆ ಅದು ಕೆಳಗೇ ಉಳಿಯುವುದರಿಂದ ಹಿಮಾಲಯದ ಶಿಖರಗಳು ಅದರ ಮೇಲೆ ಚೊಕ್ಕವಾಗಿಯೇ ಕಾಣುತ್ತವೆ.

ರೆಕ್ಕೆ ಎಲ್ಲಿಂದ ಎಲ್ಲಿಗೆ

ಏರ್‌ಬಸ್ 320ರಲ್ಲಿ ಸೀಟಿನ ನಕ್ಷೆ ತೆರೆದು ಮಧ್ಯದ ತುರ್ತು ನಿರ್ಗಮನ ಬಾಗಿಲುಗಳನ್ನು ಗುರುತಿಸಿ. ಪೂರ್ತಿ ಎಕಾನಮಿ ಇರುವ ವಿಮಾನಗಳಲ್ಲಿ ಅವು ಸಾಮಾನ್ಯವಾಗಿ 12-13ನೇ ಸಾಲಿನಲ್ಲಿರುತ್ತವೆ. ಆ ಬಾಗಿಲು ತೆರೆದರೆ ಕಾಲಿಡುವುದು ರೆಕ್ಕೆಯ ಮೇಲೆಯೇ, ಹಾಗಾಗಿ ಅಲ್ಲಿ ರೆಕ್ಕೆಯ ಹೊರತು ಬೇರೇನೂ ಕಾಣುವುದಿಲ್ಲ. ಕಾಲು ಚಾಚಲು ಆ ಸಾಲು ಒಳ್ಳೆಯದು, ನೋಟಕ್ಕೆ ಅತಿ ಕೆಟ್ಟದ್ದು, ಮತ್ತು ಅದಕ್ಕೇ ಹೆಚ್ಚು ದರ. ಎಂಜಿನ್ ರೆಕ್ಕೆಗಿಂತ ಮುಂದಕ್ಕೆ ಚಾಚಿರುವುದರಿಂದ 8-9ನೇ ಸಾಲಿನಿಂದಲೇ ಅಡ್ಡ ಶುರು. ಹಿಂದೆ ಸುಮಾರು 19-20ರವರೆಗೆ ರೆಕ್ಕೆ ಹಬ್ಬಿರುತ್ತದೆ, ಅದು ಹಿಂದಕ್ಕೆ ಓರೆಯಾಗಿರುವುದರಿಂದ ತುದಿ ಇನ್ನೂ ಎರಡು ಸಾಲು ಹಿಂದೆ ಬರುತ್ತದೆ. ಹಾಗಾಗಿ 2ರಿಂದ 7 ಉತ್ತಮ, 22ರಿಂದ ಹಿಂದೆ ಪರವಾಗಿಲ್ಲ. ಬಿಸಿನೆಸ್ ದರ್ಜೆ ಇದ್ದರೆ ಈ ಸಂಖ್ಯೆಗಳೆಲ್ಲ ಬದಲಾಗುತ್ತವೆ. ತುರ್ತು ಬಾಗಿಲಿನಿಂದ ಮುಂದಕ್ಕೆ ಐದು, ಹಿಂದಕ್ಕೆ ಒಂಬತ್ತು ಸಾಲು ಬಿಟ್ಟರೆ ಸಾಕು ಎಂದು ಲೆಕ್ಕ ಹಾಕಿ.

ಮುಂದೆ ಮತ್ತು ಹಿಂದಿನ ವ್ಯತ್ಯಾಸ ಬರೀ ರೆಕ್ಕೆಯದಲ್ಲ. ರೆಕ್ಕೆಯ ಹಿಂದೆ ಕೂತರೆ ಎಂಜಿನ್‌ನ ಬಿಸಿಗಾಳಿ ನೋಟದ ನಡುವೆ ಹಾಯುತ್ತದೆ, ಅದರ ಮೂಲಕ ಕಾಣುವುದೆಲ್ಲ ಕುದಿಯುವ ನೀರಿನಡಿ ಇದ್ದಂತೆ ನಡುಗುತ್ತದೆ. ಕಣ್ಣಿಗೆ ಅಷ್ಟೇನೂ ತೊಂದರೆಯಿಲ್ಲ, ಫೋಟೊ ಮಾತ್ರ ಎಷ್ಟು ಒಳ್ಳೆಯ ಕ್ಯಾಮೆರಾ ಆದರೂ ಮಸುಕೇ. ಫೋಟೊ ಮುಖ್ಯವಾದರೆ ಮುಂದಿನ ಸಾಲಿಗೆ ದುಡ್ಡು ಕೊಡಿ. ಬರೀ ನೋಡುವುದಾದರೆ 24-28ರ ಸಾಲುಗಳು ಅಗ್ಗ. ಇಳಿಯುವಾಗ ರೆಕ್ಕೆಯ ಹಿಂಬದಿಯ ಪಟ್ಟಿಗಳಾದ ಫ್ಲಾಪ್‌ಗಳು ಬಿಚ್ಚಿಕೊಳ್ಳುವುದನ್ನು ನೋಡುವ ಖುಷಿಯೂ ಅಲ್ಲೇ ಇರುವುದು.

ಟಿಕೆಟ್‌ನಲ್ಲಿ ಕಿಟಕಿ ಸೀಟು ಎಂದರೆ ಗೋಡೆ ಪಕ್ಕದ ಸೀಟು ಅಷ್ಟೇ, ಅಲ್ಲಿ ಕಿಟಕಿ ಇರಲೇಬೇಕೆಂದಿಲ್ಲ. ಕಿಟಕಿಗಳ ನಡುವಿನ ಅಂತರ ವಿಮಾನದ ಅಸ್ಥಿಪಂಜರದ ಪಟ್ಟಿಗಳನ್ನು ಅನುಸರಿಸಿ ಸುಮಾರು 20-21 ಇಂಚು. ಸೀಟಿನ ಸಾಲುಗಳ ನಡುವಿನ ಅಂತರ ಕಂಪನಿಯ ಇಷ್ಟದಂತೆ 28ರಿಂದ 30 ಇಂಚು. ಎರಡೂ ತಾಳೆಯಾಗದೆ ಕೆಲವು ಸಾಲಿಗೆ ಒಂದೂವರೆ ಕಿಟಕಿ ಸಿಕ್ಕರೆ, ಕೆಲವಕ್ಕೆ ಹೆಗಲ ಹಿಂದೆ ಅರ್ಧ ಕಿಟಕಿ ಸಿಗುತ್ತದೆ. ಬೋಯಿಂಗ್ 737-800ರಲ್ಲಿ ರೆಕ್ಕೆಗೆ ಸ್ವಲ್ಪ ಮುಂಚೆ ಎಡಗಡೆ ಕಿಟಕಿಯೇ ಇಲ್ಲದ ಜಾಗವಿದೆ. ಹೊಟ್ಟೆಯಲ್ಲಿರುವ ಹವಾನಿಯಂತ್ರಣ ಯಂತ್ರದಿಂದ ಛಾವಣಿಗೆ ಗಾಳಿ ಒಯ್ಯುವ ಕೊಳವೆ ಆ ಗೋಡೆಯೊಳಗೆ ಹೋಗುತ್ತದೆ. ಕಂಪನಿಯ ಜಾಲತಾಣದ ಸೀಟು ನಕ್ಷೆ ಇದನ್ನೆಲ್ಲ ತೋರಿಸುವುದಿಲ್ಲ. ಏರೋಲೋಪಾ ಜಾಲತಾಣದಲ್ಲಿ ಕಂಪನಿ, ವಿಮಾನದ ಮಾದರಿ ಆರಿಸಿದರೆ ಪ್ರತಿ ಕಿಟಕಿಯ ಜಾಗ ಅಳತೆಗೆ ತಕ್ಕಂತೆ ಗುರುತಾಗಿರುತ್ತದೆ.

ನೋಟದ ಮಟ್ಟಿಗೆ ಎಟಿಆರ್ ಬಡವರ ಬಂಧು. ರೆಕ್ಕೆ ಕಿಟಕಿಗಳ ಮೇಲ್ಗಡೆ ಇದೆ, ಹಾರುವ ಎತ್ತರ ಕಡಿಮೆ, ವೇಗವೂ ಗಂಟೆಗೆ 500 ಕಿ.ಮೀ. ಆಸುಪಾಸು. ಮಧ್ಯದ ಸಾಲುಗಳಿಗೆ ಮಾತ್ರ ಎಂಜಿನ್, ಪ್ರೊಪೆಲ್ಲರ್, ಕೆಳಗಿಳಿದ ಚಕ್ರ ಅಡ್ಡ ಬರುತ್ತವೆ, ಸದ್ದೂ ಅಲ್ಲೇ ಹೆಚ್ಚು. ಕೊನೆಯ ಆರು ಸಾಲುಗಳಲ್ಲಿ ಎಲ್ಲಿ ಕೂತರೂ ಚೆನ್ನ. ಹತ್ತುವ ಬಾಗಿಲು ಹಿಂದಿರುವುದರಿಂದ ಇಳಿಯುವುದೂ ಬೇಗ. ಖಾಲಿ ಸೀಟು ಕಂಡಿತೆಂದು ಇದರಲ್ಲಿ ಎದ್ದು ಹೋಗಿ ಕೂರಬೇಡಿ, ಸಣ್ಣ ವಿಮಾನದಲ್ಲಿ ಹಿಂದೆ-ಮುಂದೆ ಎಷ್ಟು ಜನ ಎಂಬುದು ತೂಕದ ಲೆಕ್ಕಕ್ಕೆ ಸೇರಿರುತ್ತದೆ. ಸಿಬ್ಬಂದಿಯನ್ನು ಕೇಳಿಯೇ ಬದಲಿಸಿ. ಸ್ಟಾರ್ ಏರ್‌ನ ಎಂಬ್ರೇಯರ್ 145ರಲ್ಲಿ ಎಡಗಡೆ ಒಂದೇ ಸೀಟು, ಬಲಗಡೆ ಎರಡು. ಎಂಜಿನ್‌ಗಳು ಬಾಲದ ಬಳಿ ಇರುವುದರಿಂದ ಮುಂದಿನ ಅರ್ಧಕ್ಕೆ ಯಾವುದೂ ಅಡ್ಡವಿಲ್ಲ. ಎಡಗಡೆ ಕೂತರೆ ಕಿಟಕಿಯೂ ನಿಮ್ಮದು, ಓಣಿಯೂ ನಿಮ್ಮದು.

ನಮ್ಮ ಕಡೆಯ ದಾರಿಗಳು

ಬೆಂಗಳೂರಿನ ಎರಡೂ ರನ್‌ವೇಗಳು ಪೂರ್ವ-ಪಶ್ಚಿಮ, ನಂದಿಬೆಟ್ಟ ಉತ್ತರಕ್ಕೆ. ವಿಮಾನ ಪಶ್ಚಿಮಕ್ಕೆ ಮೂತಿ ಮಾಡಿ ಏರಿದರೂ ಇಳಿದರೂ ನಂದಿ ಬಲಕ್ಕೆ, ಪೂರ್ವಕ್ಕಾದರೆ ಎಡಕ್ಕೆ. ವಿಮಾನ ಗಾಳಿಗೆ ಎದುರಾಗಿಯೇ ಏರಿಳಿಯುವುದರಿಂದ ಮುಂಗಾರಿನಲ್ಲಿ ಹೆಚ್ಚಾಗಿ ಪಶ್ಚಿಮಕ್ಕೆ, ಚಳಿಗಾಲದಲ್ಲಿ ಹೆಚ್ಚಾಗಿ ಪೂರ್ವಕ್ಕೆ.

ಬೆಂಗಳೂರು–ಮಂಗಳೂರು ದಾರಿಗೆ ಎಫ್ ಆರಿಸಿ. ದಾರಿ ಹೆಚ್ಚುಕಡಿಮೆ ನೇರ ಪಶ್ಚಿಮಕ್ಕೆ, ತುಸು ದಕ್ಷಿಣಕ್ಕೆ ವಾಲಿದೆ. ಸೀದಾ ಗೆರೆಯ ಬಲಕ್ಕೆ ಸುಮಾರು 40 ಕಿ.ಮೀ. ದೂರದಲ್ಲಿ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಯ ಕುದುರೆಲಾಳದಂಥ ಬೆಟ್ಟಸಾಲು. ಮುಂದೆ ಸುಮಾರು 15 ಕಿ.ಮೀ. ದೂರದಲ್ಲೇ 1,894 ಮೀಟರ್ ಎತ್ತರದ ಕುದುರೆಮುಖ. ಅಷ್ಟೊತ್ತಿಗೆ ವಿಮಾನ ಇಳಿಯಲು ಶುರುಮಾಡಿರುತ್ತದೆ, ಘಟ್ಟ ಒಮ್ಮೆಲೇ ಕರಾವಳಿಗೆ ಕುಸಿಯುವುದು ಹತ್ತಿರದಿಂದ ಕಾಣುತ್ತದೆ. ಎಡಗಡೆಯೂ ಬರಡಲ್ಲ: ಶ್ರವಣಬೆಳಗೊಳದ ಬೆಟ್ಟ, ಗೊರೂರಿನ ಹೇಮಾವತಿ ಹಿನ್ನೀರು, ದೂರದಲ್ಲಿ ಕುಮಾರಪರ್ವತ. (ಗೊಮ್ಮಟ ಕಾಣುತ್ತಾನೆಂದು ಆಸೆ ಬೇಡ, ಬಂಡೆಯ ಬೆಟ್ಟ ಗುರುತು ಸಿಕ್ಕಿದರೆ ಅದೇ ಹೆಚ್ಚು.) ಆದರೆ ಚಳಿಗಾಲದಲ್ಲಿ ದಿನವಿಡೀ ಬಿಸಿಲು ಎಡಗಡೆಗೇ ಬಡಿಯುವುದರಿಂದ ತೂಕ ಬಲಕ್ಕೇ ವಾಲುತ್ತದೆ. ವಾಪಸು ಬರುವಾಗ ಇದೇ ಕಾರಣಕ್ಕೆ ಎ.

ಬಜ್ಪೆಯಲ್ಲಿ ಇಳಿಯುವ ಘಳಿಗೆಯ ಲೆಕ್ಕ ಬೇರೆ. ಮಂಗಳೂರು ನಗರ, ನೇತ್ರಾವತಿ-ಗುರುಪುರ ನದಿಗಳ ಅಳಿವೆ ಎಲ್ಲ ನಿಲ್ದಾಣದ ದಕ್ಷಿಣಕ್ಕಿವೆ. ಘಟ್ಟದ ಕಡೆಯಿಂದ ಇಳಿದರೆ ಅವು ಎಡಕ್ಕೆ. ಸಮುದ್ರದ ಮೇಲೆ ಹೋಗಿ ತಿರುಗಿ ಇಳಿದರೆ ಅಳಿವೆ ಬಲಕ್ಕೆ, ಪಣಂಬೂರಿನ ಬಂದರು ಎಡಕ್ಕೆ. ಯಾವ ಕಡೆಯಿಂದ ಎಂಬುದನ್ನು ಆ ಹೊತ್ತಿನ ಗಾಳಿ ತೀರ್ಮಾನಿಸುತ್ತದೆ, ಅದಕ್ಕಾಗಿ ಸೀಟು ಆರಿಸಲು ಹೋಗಬೇಡಿ.

ಬೆಂಗಳೂರು–ಕೊಯಮತ್ತೂರಿಗೆ ಬೆಳಗಿನ ವಿಮಾನವಾದರೆ ಎಫ್: ಬಿಳಿಗಿರಿರಂಗನ ಬೆಟ್ಟ, ಆಮೇಲೆ ನೀಲಗಿರಿಯ ಗೋಡೆ, ಎರಡಕ್ಕೂ ಎದುರಿನಿಂದ ಬಿಸಿಲು ಬಿದ್ದಿರುತ್ತದೆ. ಬೆಂಗಳೂರು–ಹುಬ್ಬಳ್ಳಿಗೆ ಎ, ಹಿರಿಯೂರಿನ ಬಳಿ ವಾಣಿವಿಲಾಸ ಸಾಗರ ಆ ಕಡೆಗಿದೆ. ಮಂಗಳೂರಿನಿಂದ ಮುಂಬೈಗೆ ಎಡಕ್ಕೆ ಕಡಲು, ಬಲಕ್ಕೆ ಘಟ್ಟ. ಅಳಿವೆಗಳ ಸಾಲು ನೋಡಬೇಕಿದ್ದರೆ ಹಿಂದಿನ ದಿನಗಳ ದಾರಿ ನೋಡಿ, ಅದು ಕರಾವಳಿಯ ಒಳಗಿದೆಯೋ ಹೊರಗಿದೆಯೋ ತಿಳಿದುಕೊಳ್ಳಿ. ಬೆಂಗಳೂರಿನಿಂದ ಕೊಲಂಬೊಗೆ ಎ, ಪಂಬನ್ ಸೇತುವೆ, ಧನುಷ್ಕೋಟಿಯ ಮರಳ ನಾಲಗೆ, ರಾಮಸೇತುವಿನ ತಿಳಿನೀಲಿ ತೇಪೆಗಳು ಸೀದಾ ಗೆರೆಯ ಎಡಕ್ಕೇ ಬೀಳುತ್ತವೆ.

ಮುಂಬೈಯಲ್ಲಿ ವಿಮಾನಗಳು ಹೆಚ್ಚಾಗಿ ಪೂರ್ವದಿಂದ ಬಂದು ಪಶ್ಚಿಮಕ್ಕೆ ಇಳಿಯುತ್ತವೆ. ಆಗ ಬಲಕ್ಕೆ ಪೊವೈ, ವಿಹಾರ್ ಕೆರೆಗಳು ಮತ್ತು ಸಂಜಯ್ ಗಾಂಧಿ ಉದ್ಯಾನದ ಕಾಡು. ಹೊರಡುವಾಗ ಜುಹು ದಾಟಿ ಕಡಲಿಗೇರಿ ದಕ್ಷಿಣಕ್ಕೆ ತಿರುಗುವ ಬೆಂಗಳೂರಿನ ವಿಮಾನದಲ್ಲಿ ಎಡಗಡೆ ಕೂತರೆ ಬಾಂದ್ರಾ–ವರ್ಲಿ ಸೇತುವೆ ಸಿಗುತ್ತದೆ. ದುಬೈಗೆ ಹೋಗುವವರಿಗೆ: ವಿಮಾನ ವಾಯವ್ಯಕ್ಕೆ ಮೂತಿ ಮಾಡಿ ಇಳಿದರೆ ಬುರ್ಜ್ ಖಲೀಫಾ ಎಡಕ್ಕೆ, ಆಗ್ನೇಯಕ್ಕಾದರೆ ಬಲಕ್ಕೆ.

ಹಿಮಾಲಯಕ್ಕೆ

ದೆಹಲಿಯಿಂದ ಪೂರ್ವಕ್ಕೆ ಕಠ್ಮಂಡು, ಬಾಗ್ಡೋಗ್ರಾ, ಗುವಾಹಟಿ, ಪಾರೊ ಎಲ್ಲಿಗೆ ಹೋದರೂ ಎ, ವಾಪಸಿಗೆ ಎಫ್. ಇಲ್ಲಿ ಲೆಕ್ಕ ಸುಲಭ, ಏಕೆಂದರೆ ಪರ್ವತ ಉತ್ತರಕ್ಕೆ, ಸೂರ್ಯ ದಕ್ಷಿಣಕ್ಕೆ. ಶಿಖರಗಳು ದಿಗಂತದ ಹತ್ತಿರ, ಕಣ್ಣಿನ ಮಟ್ಟಕ್ಕೇ ಕಾಣುತ್ತವೆ. ಕೆಳಗೆ ನೋಡಬೇಡಿ, ನೇರ ನೋಡಿ, ಬಿಳಿ ಮೋಡವೆಂದು ಬಿಟ್ಟುಬಿಡಬೇಡಿ. ದೆಹಲಿಯಿಂದ ಹೊರಟ ಸ್ವಲ್ಪ ಹೊತ್ತಿಗೆ ನಂದಾದೇವಿ (7,816 ಮೀ.), ಆಮೇಲೆ ಧೌಲಗಿರಿ ಮತ್ತು ಅನ್ನಪೂರ್ಣಾ, ಇವೆರಡರ ನಡುವಿನ ಆಳದ ಬಿರುಕು ಕಾಳಿಗಂಡಕಿ ಕಣಿವೆ. ಗುವಾಹಟಿಯ ಕಡೆ ಹೋಗುವವರಿಗೆ ಮುಂದೆ ಎವರೆಸ್ಟ್ (8,848.86 ಮೀ.), ಮಕಾಲು, ಕೊನೆಗೆ ಒಂಟಿಯಾಗಿ ಅಗಲವಾಗಿ ನಿಂತ ಕಾಂಚನಜುಂಗಾ (8,586 ಮೀ.).

ಲೇಹ್ ವಿಮಾನಗಳು ಹೆಚ್ಚಾಗಿ ಬೆಳಿಗ್ಗೆಯೇ ಹಾರುತ್ತವೆ. ನಿಲ್ದಾಣ 3,256 ಮೀಟರ್ ಎತ್ತರದಲ್ಲಿದೆ, ಮಧ್ಯಾಹ್ನ ಕಣಿವೆಯ ಗಾಳಿ ಜೋರಾಗುತ್ತದೆ, ಬಿಸಿಯಾದ ತೆಳುಗಾಳಿಯಲ್ಲಿ ವಿಮಾನಕ್ಕೆ ಎತ್ತುವ ಬಲವೂ ಕಡಿಮೆ. ದೆಹಲಿಯಿಂದ ಹೋಗುವಾಗ ಎರಡೂ ಮಗ್ಗುಲಲ್ಲಿ ಹಿಮವಿದೆ, ಆದರೆ ಎ ಮೇಲು: ನುನ್-ಕುನ್ ಜೋಡಿ ಶಿಖರ ಆ ಕಡೆಗಿದೆ, ಸೂರ್ಯ ಬಲಕ್ಕಿರುತ್ತಾನೆ. ವಾಪಸಿಗೆ ಎಫ್. ಶ್ರೀನಗರಕ್ಕೆ ಹೋಗುವಾಗ ಮಾತ್ರ ಧೌಲಾಧಾರ್, ನುನ್-ಕುನ್ ಎಲ್ಲ ಬಲಕ್ಕೆ ಬರುತ್ತವೆ, ಬೆಳಗಿನ ಸೂರ್ಯನೂ ಅಲ್ಲೇ. ಆ ದಾರಿಗೆ ಮಧ್ಯಾಹ್ನದ ವಿಮಾನ ಹಿಡಿದು ಎಫ್ ಆರಿಸಿ.

ಸೀಟು ಹಿಡಿಯುವುದು, ಕೈತಪ್ಪದಂತೆ ನೋಡಿಕೊಳ್ಳುವುದು

ದುಡ್ಡು ಕೊಡಲು ಮನಸ್ಸಿದ್ದರೆ ಟಿಕೆಟ್ ಮಾಡುವಾಗಲೇ ಆರಿಸಿ. ಇಲ್ಲದಿದ್ದರೆ ವೆಬ್ ಚೆಕ್-ಇನ್ ತೆರೆಯುವ ಸಮಯ (ಹಲವು ಕಂಪನಿಗಳಲ್ಲಿ 48 ಗಂಟೆ ಮೊದಲು) ಗುರುತು ಹಾಕಿಕೊಂಡು ತೆರೆದ ಕೂಡಲೇ ನೋಡಿ. ಹಿಂದಿನ ಸಾಲಿನ ಕಿಟಕಿಗಳು ಅಗ್ಗಕ್ಕೆ ಸಿಗುವುದು ಆಗಲೇ. ಹೊರಡುವ ಹಿಂದಿನ ದಿನ ಮತ್ತೊಮ್ಮೆ ಬುಕಿಂಗ್ ತೆರೆದು ವಿಮಾನದ ಮಾದರಿ ಬದಲಾಗಿಲ್ಲ ತಾನೇ ನೋಡಿ. 320 ಇದ್ದದ್ದು 321 ಆದರೆ ಸೀಟಿನ ಸಂಖ್ಯೆ ಅದೇ ಇದ್ದರೂ ರೆಕ್ಕೆ, ಬಾಗಿಲುಗಳ ಜಾಗ ಬೇರೆ. ಎಟಿಆರ್ ಆಗಿ ಬದಲಾದರೆ 24ನೇ ಸಾಲೇ ಇರುವುದಿಲ್ಲ, ನಿಮ್ಮನ್ನು ಎಲ್ಲೋ ಕೂರಿಸಿರುತ್ತಾರೆ.

ಕೂತ ಮೇಲೆ ಮೆತ್ತನೆಯ ಬಟ್ಟೆಯಿಂದ ಕಿಟಕಿಯ ಒಳಮೈ ಒರೆಸಿ, ಅರ್ಧ ಮಬ್ಬು ನಿಮಗಿಂತ ಮೊದಲು ಅಲ್ಲಿ ಕೂತವರ ತಲೆಯ ಎಣ್ಣೆಯದು. ಪದರಗಳ ನಡುವೆ ಕಾಣುವ ಸಣ್ಣ ತೂತು ಒತ್ತಡ ಸರಿದೂಗಿಸಲು, ಕಿಟಕಿ ಮಂಜಾಗದಿರಲು ಇಟ್ಟದ್ದು. ಪೋಲರೈಸ್ಡ್ ಕನ್ನಡಕ ತೆಗೆಯಿರಿ, ಕ್ಯಾಮೆರಾಕ್ಕೂ ಆ ಫಿಲ್ಟರ್ ಬೇಡ. ಅಕ್ರಿಲಿಕ್‌ನ ಮೂಲಕ ಅದು ಇಲ್ಲದ ಕಾಮನಬಿಲ್ಲು ತೋರಿಸುತ್ತದೆ. ಫೋಟೊ ತೆಗೆಯುವಾಗ ಫ್ಲಾಶ್ ಬಂದ್ ಮಾಡಿ, ಲೆನ್ಸನ್ನು ಕಿಟಕಿಗೆ ಹತ್ತಿರ ತನ್ನಿ, ಮುಟ್ಟಿಸಬೇಡಿ, ವಿಮಾನದ ನಡುಕ ಲೆನ್ಸಿಗೆ ಬರುತ್ತದೆ. ಶಟರ್ 1/500 ಸೆಕೆಂಡಿಗಿಂತ ವೇಗವಾಗಿರಲಿ. ರಾತ್ರಿ ನಗರದ ದೀಪ ನೋಡಲು ಕಪ್ಪು ಶಾಲು ತಲೆ-ಕಿಟಕಿ ಸೇರಿಸಿ ಹೊದ್ದರೆ ಒಳಗಿನ ಬೆಳಕಿನ ಪ್ರತಿಬಿಂಬ ಹೋಗುತ್ತದೆ. 787ರಲ್ಲಿ ಪರದೆಯ ಬದಲು ಗುಂಡಿ ಒತ್ತಿ ಕಪ್ಪಾಗಿಸುವ ಕಿಟಕಿ. ಅದನ್ನು ಸಿಬ್ಬಂದಿ ಒಟ್ಟಿಗೇ ಕಪ್ಪು ಮಾಡಿ ಬೀಗ ಹಾಕಬಹುದು, ಹಗಲಿನ ದೂರಪ್ರಯಾಣದಲ್ಲಿ ಹೀಗಾದರೆ ನಯವಾಗಿ ಕೇಳಿನೋಡುವುದೊಂದೇ ದಾರಿ.

ಲೇಹ್, ಶ್ರೀನಗರ, ಬಾಗ್ಡೋಗ್ರಾ, ಗೋವಾದ ದಾಬೋಲಿಂ, ನಮ್ಮ ಬೀದರ್ ರಕ್ಷಣಾ ಪಡೆಗಳ ನೆಲೆಗಳು. ಅಲ್ಲಿ ನೆಲದ ಮೇಲಿರುವಾಗ, ಏರುವಾಗ, ಇಳಿಯುವಾಗ ಫೋಟೊ ತೆಗೆಯಬೇಡಿ. 2025ರ ಮೇ ತಿಂಗಳಲ್ಲಿ ನಾಗರಿಕ ವಿಮಾನಯಾನದ ನಿಯಂತ್ರಣ ಸಂಸ್ಥೆ ಡಿಜಿಸಿಎ ಪಶ್ಚಿಮ ಗಡಿಯ ಬಳಿಯ ಇಂಥ ನಿಲ್ದಾಣಗಳಲ್ಲಿ 10,000 ಅಡಿ ತಲುಪುವವರೆಗೆ ಕಿಟಕಿ ಪರದೆಯನ್ನೇ ಮುಚ್ಚಿಸಲು ಸೂಚಿಸಿತ್ತು. ಆ ದಿನದ ನಿಯಮ ಏನೆಂದು ಸಿಬ್ಬಂದಿ ಘೋಷಿಸುತ್ತಾರೆ, ಅದರಂತೆ ನಡೆಯಿರಿ. ಪರದೆ ಮುಚ್ಚಿಸಿದರೂ ಲೇಹ್‌ನಿಂದ ಹೊರಟ ವಿಮಾನದಲ್ಲಿ ನೋಟಕ್ಕೆ ಕೊರತೆಯಾಗದು, ನುನ್-ಕುನ್ ಥರದ ಶಿಖರಗಳು ಬರುವುದು ವಿಮಾನ ಇನ್ನೂ ಎತ್ತರಕ್ಕೆ ಏರಿದ ಮೇಲೆ.